ಟ್ಯಾಂಕಿನ ರೇಡಿಯೊಗೆ ಕರೆಂಟು ಎಲ್ಲಿಂದ ಬರುತ್ತೆ? ‘ಸ್ವದೇಶಿ’ ಚರ್ಚೆಯಲ್ಲಿ ನಾವು ಕೇಳದ ಪ್ರಶ್ನೆ

ರಕ್ಷಣಾ ಖರೀದಿ ಅಂದ ಕೂಡಲೇ ನಮ್ಮ ಟಿವಿ ಚರ್ಚೆಗಳಲ್ಲಿ ವಿಮಾನ, ಕ್ಷಿಪಣಿಗಳೇ ಹಾರಾಡುತ್ತವೆ. ಸೇನಾ ವಾಹನದ ಮೂಲೆಯಲ್ಲಿ ಬೋಲ್ಟು ಹಾಕಿ ಕೂರಿಸಿದ ರೇಡಿಯೊ ಬಗ್ಗೆ ಯಾರೂ ಮಾತಾಡಲ್ಲ. ಆದರೆ ‘ನಿಲ್ಲಿಸು’ ಅನ್ನುವ ಒಂದು ಆದೇಶ ಚಾಲಕನ ಕಿವಿಗೆ ತಲುಪದಿದ್ದರೆ ಕೋಟಿಗಟ್ಟಲೆ ಬೆಲೆಯ ಟ್ಯಾಂಕು ಬರೀ ಕಬ್ಬಿಣ. ಆ ಆದೇಶ ತಲುಪಬೇಕಾದರೆ ಎರಡು ಸರ್ಕ್ಯೂಟ್‌ಗಳು ಸರಿಯಾಗಿರಬೇಕು: ಪವರ್ ಸಪ್ಲೈ ಮತ್ತು ಆಡಿಯೊ ಆಂಪ್ಲಿಫೈಯರ್. ಇವನ್ನು ಅರ್ಥ ಮಾಡಿಕೊಂಡರೆ ‘ಆತ್ಮನಿರ್ಭರ’ ಅನ್ನೋ ಪದದ ಅರ್ಥವೂ ಸ್ಪಷ್ಟವಾಗುತ್ತೆ ಅನ್ನೋದು ನನ್ನ ವಾದ.

ಬ್ಯಾಟರಿ ಕರೆಂಟು ಯಾಕೆ ಸಾಲಲ್ಲ?

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಟ್ಯಾಂಕ್ ರೇಡಿಯೊ ‘ವೈರ್‌ಲೆಸ್ ಸೆಟ್ ನಂಬರ್ 19’ ಅನ್ನೇ ನೋಡಿ. ವಾಹನದ ಬ್ಯಾಟರಿ ಕೊಡೋದು 12 ಅಥವಾ 24 ವೋಲ್ಟ್. ರೇಡಿಯೊ ಒಳಗಿದ್ದ ವಾಲ್ವ್‌ಗಳಿಗೆ ಬೇಕಿದ್ದದ್ದು, ಮಾತು ಕೇಳಿಸಿಕೊಳ್ಳಲು ಸುಮಾರು 275 ವೋಲ್ಟ್, ಕಳಿಸಲು ಸುಮಾರು 500 ವೋಲ್ಟ್.

ಮನೆಯ ಕರೆಂಟಾಗಿದ್ದರೆ ಒಂದು ಟ್ರಾನ್ಸ್‌ಫಾರ್ಮರ್ ಸಾಕಿತ್ತು. ಆದರೆ ಅದು ಕೆಲಸ ಮಾಡೋದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಮೇಲೆ. ಬ್ಯಾಟರಿಯದ್ದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಆಗ ಇದಕ್ಕೆ ಎರಡು ಉಪಾಯಗಳಿದ್ದವು. ಒಂದು, ಡೈನಮೋಟರ್: ಒಂದೇ ಶಾಫ್ಟಿನ ಮೇಲೆ ಮೋಟರೂ ಜನರೇಟರೂ ಇರುತ್ತವೆ. ಬ್ಯಾಟರಿ ಒಂದು ಕಡೆಯಿಂದ ಅದನ್ನು ತಿರುಗಿಸಿದರೆ ಇನ್ನೊಂದು ಕಡೆಯಿಂದ ಹೆಚ್ಚು ವೋಲ್ಟೇಜ್ ಬರುತ್ತೆ. ಇನ್ನೊಂದು, ವೈಬ್ರೇಟರ್: ಅದರಲ್ಲಿ ಪುಟ್ಟ ಲೋಹದ ಪಟ್ಟಿ ಸೆಕೆಂಡಿಗೆ ನೂರರಷ್ಟು ಸಲ ಅದುರುತ್ತಾ ಡಿ.ಸಿ.ಯನ್ನು ತುಂಡರಿಸುತ್ತೆ. ತುಂಡಾದ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತೆ, ಆಮೇಲೆ ಅದನ್ನು ಮತ್ತೆ ಡಿ.ಸಿ. ಮಾಡಿಕೊಳ್ಳುತ್ತಾರೆ.

ಇಂದಿನ ರೇಡಿಯೊಗಳಲ್ಲೂ ತತ್ವ ಅದೇ. ಲೋಹದ ಪಟ್ಟಿಯ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ, ಅದು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತೆ. ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತೆ. ನಿಮ್ಮ ಮೊಬೈಲ್ ಚಾರ್ಜರ್ ಅಂಗೈಯಲ್ಲಿ ಹಿಡಿಸೋದೂ ಇದೇ ಕಾರಣಕ್ಕೆ.

ಗಲೀಜು ಕರೆಂಟು

ಹಾಗಾದರೆ ಚಾರ್ಜರ್ ಮಾಡುವವರೇ ಇದನ್ನೂ ಮಾಡಬಹುದಲ್ಲ? ಅಷ್ಟು ಸುಲಭವಿಲ್ಲ. ಸೇನಾ ವಾಹನದ ಕರೆಂಟು ತೀರಾ ಗಲೀಜು. ಎಂಜಿನ್ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಕುಸಿಯುತ್ತೆ. ಭಾರೀ ಮೋಟರೊಂದು ಥಟ್ಟನೆ ನಿಂತರೆ ಚಿಮ್ಮುತ್ತೆ. 28 ವೋಲ್ಟಿನ ವಾಹನಗಳಿಗೆಂದು ಅಮೆರಿಕ ಸೇನೆ ಬರೆದ ಮಾನದಂಡದ ಒಂದು ಆವೃತ್ತಿ, 50 ಮಿಲಿಸೆಕೆಂಡ್ ಕಾಲ 100 ವೋಲ್ಟ್ ಬಂದರೂ ಉಪಕರಣ ತಡೆದುಕೊಳ್ಳಬೇಕು ಅನ್ನುತ್ತೆ. ಹಾಗಾಗಿ ಪವರ್ ಸಪ್ಲೈ ಬಾಗಿಲಲ್ಲೇ ಫ್ಯೂಸು, ಉಬ್ಬರವನ್ನು ನುಂಗುವ ಬಿಡಿಭಾಗಗಳು, ಕಾಯಿಲ್ ಮತ್ತು ಕೆಪಾಸಿಟರ್‌ಗಳ ಫಿಲ್ಟರ್ ಇರುತ್ತವೆ. ಫಿಲ್ಟರ್ ಸೋತರೆ ಆ ಗಲೀಜು ಆಂಪ್ಲಿಫೈಯರ್‌ಗೂ ನುಗ್ಗಿ, ಹೆಡ್‌ಫೋನಿನಲ್ಲಿ ‘ಗುಂಯ್’ ಅನ್ನೋ ಸದ್ದಾಗಿ ಕೇಳುತ್ತೆ.

ಹಾಲೋ, ಸಾಲೋ?

ಈಗ ಆಡಿಯೊ. ಮೈಕಿನಿಂದ ಬರುವ ಸಿಗ್ನಲ್ ತುಂಬಾ ದುರ್ಬಲ, ಅದನ್ನು ಹಂತ ಹಂತವಾಗಿ ದೊಡ್ಡದು ಮಾಡಬೇಕು. ಆದರೆ ಎಲ್ಲವನ್ನೂ ದೊಡ್ಡದು ಮಾಡಿದರೆ ಎಂಜಿನ್ ಗುಡುಗೂ ದೊಡ್ಡದಾಗುತ್ತೆ. ಹಾಲು, ಕಾಲು, ಪಾಲು, ಸಾಲು ಅಂತ ಹೇಳಿ ನೋಡಿ. ಸ್ವರಗಳು ಜೋರಾಗಿರುತ್ತವೆ, ಆದರೆ ಅರ್ಥ ಬದಲಿಸೋದು ಮೊದಲ ವ್ಯಂಜನ. ವ್ಯಂಜನಗಳ ಸದ್ದು ಕ್ಷೀಣ ಮತ್ತು ಬಹುಪಾಲು ಮೇಲಿನ ಫ್ರೀಕ್ವೆನ್ಸಿಯದು, ಎಂಜಿನ್ನಿನದು ಹೆಚ್ಚಾಗಿ ಕೆಳಗಿನದು. ಅದಕ್ಕೇ ಇಂಥ ರೇಡಿಯೊ ಸುಮಾರು 300ರಿಂದ 3,000 ಹರ್ಟ್ಸ್ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸುತ್ತೆ. ದನಿ ಇಂಪಾಗಿರಲ್ಲ, ಆದರೆ ಮಾತು ತಿಳಿಯುತ್ತೆ.

ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಎರಡು ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿ ದುಡಿಯುತ್ತವೆ. ಧ್ವನಿ ತರಂಗದ ಮೇಲಿನ ಅರ್ಧ ಒಂದರದ್ದು, ಕೆಳಗಿನ ಅರ್ಧ ಇನ್ನೊಂದರದ್ದು. ಯಾರೂ ಮಾತಾಡದಿದ್ದಾಗ ಎರಡೂ ಹೆಚ್ಚುಕಮ್ಮಿ ವಿಶ್ರಾಂತಿಯಲ್ಲಿರುತ್ತವೆ. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಕಾಯುವಾಗ ಬ್ಯಾಟರಿ ಉಳಿಯೋದು ಇಂಥ ಜಿಪುಣತನದಿಂದಲೇ.

ಹಾಗಾದರೆ ‘ನಮ್ಮದು’ ಯಾವುದು?

ನಂಬರ್ 19 ಸೆಟ್ಟನ್ನು ಕೆನಡಾದಲ್ಲೂ ತಯಾರಿಸಿ ಸೋವಿಯತ್ ಒಕ್ಕೂಟಕ್ಕೆ ಕಳಿಸಿದ್ದರು. ಅದರ ಮುಂಭಾಗದಲ್ಲಿ ಇಂಗ್ಲಿಷಿನ ಜೊತೆ ರಷ್ಯನ್ ಬರಹವೂ ಇತ್ತು. ಪೆಟ್ಟಿಗೆ ಸಾಗಿಸಿದರೆ ಸಾಲದು, ಬಳಸುವವನಿಗೆ ಅದು ಓದಲು ಬರಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾದಾಗ ಫ್ರಾನ್ಸಿನ ಕಂಪನಿಯೊಂದರ ಸಹಕಾರವಿತ್ತು. ಮೊದಲು ಸಂಪರ್ಕ ಉಪಕರಣ, 1961ರಲ್ಲಿ ವಾಲ್ವ್, 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್. ಅಂದರೆ ಪೆಟ್ಟಿಗೆಯಿಂದ ಶುರುವಾಗಿ ಅದರೊಳಗಿನ ಬಿಡಿಭಾಗಗಳ ತನಕ ಹೋದರು. ನನ್ನ ಪ್ರಕಾರ ಸ್ವಾವಲಂಬನೆಯ ದಾರಿ ಇದೇ.

ಆದ್ದರಿಂದ ಮುಂದಿನ ಸಲ ಯಾವುದಾದರೂ ಉಪಕರಣಕ್ಕೆ ‘ಸ್ವದೇಶಿ’ ಅನ್ನೋ ಚೀಟಿ ಅಂಟಿಸಿದಾಗ ನಾವು ಮೂರು ಪ್ರಶ್ನೆ ಕೇಳೋಣ. ಪವರ್ ಸಪ್ಲೈ ಒಳಗಿನ ಟ್ರಾನ್ಸಿಸ್ಟರ್ ಯಾರದು? ಸರ್ಕ್ಯೂಟಿನ ನಕ್ಷೆ ನಮ್ಮ ಕೈಯಲ್ಲಿದೆಯಾ? ಕೆಟ್ಟು ನಿಂತಾಗ ನಮ್ಮ ಮೆಕ್ಯಾನಿಕ್ ಅದನ್ನು ಬಿಚ್ಚಿ ರಿಪೇರಿ ಮಾಡಬಲ್ಲನಾ, ಇಲ್ಲ ವಿದೇಶಕ್ಕೆ ಕಳಿಸಿ ಕಾಯಬೇಕಾ? ಇದು ನಮ್ಮ ತೆರಿಗೆ ದುಡ್ಡು. ಆ ಹೆಡ್‌ಫೋನ್ ಹಾಕಿಕೊಂಡು ಒಳಗೆ ಕೂತಿರುವವರು ನಮ್ಮ ಊರಿನ ಹುಡುಗರು.