ಪಾಸ್‌ಬುಕ್ ಯಾರ ಮನೆಯಲ್ಲಿತ್ತು?

2023ರ ಜುಲೈ ತಿಂಗಳು. ಕಳಸದ ಕಡೆ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಂಕ್ ಕ್ಲರ್ಕ್ ಹುದ್ದೆಯ ಐಬಿಪಿಎಸ್ ಪರೀಕ್ಷೆಗೆ ಅರ್ಜಿ ಹಾಕಲು ಇನ್ನೊಂದು ವಾರವಷ್ಟೇ ಉಳಿದಿತ್ತು. ಶುಲ್ಕ 850 ರೂಪಾಯಿ. ತೋಟದ ಬಟವಾಡೆ ದುಡ್ಡಿನಲ್ಲಿ ಎತ್ತಿಟ್ಟಿದ್ದ ಸಾವಿರ ರೂಪಾಯಿಯನ್ನು ಅಮ್ಮ ಪಕ್ಕದ ಮನೆಯ ಅಣ್ಣನ ಕೈಗೆ ಕೊಟ್ಟು, ಅವರ ಫೋನಿನಿಂದ ನನ್ನ ಖಾತೆಗೆ ಹಾಕಿಸಿದರು. ಸಿಗ್ನಲ್ ಸಿಗುವ ದಿಬ್ಬಕ್ಕೆ ಕೊಡೆ ಹಿಡಿದು ಹೋಗಿ ಶುಲ್ಕ ಕಟ್ಟಲು ನೋಡಿದರೆ ಖಾತೆಯಲ್ಲಿ ಇದ್ದದ್ದು 174 ರೂಪಾಯಿ. ದುಡ್ಡು ಬಂದ ಕೆಲವೇ ನಿಮಿಷಗಳಲ್ಲಿ 118 ರೂಪಾಯಿಯಂತೆ ಏಳು ಸಲ, ಒಟ್ಟು 826 ರೂಪಾಯಿ ಕಡಿತವಾಗಿತ್ತು.

‘ಎಂತ ಆಯ್ತು ಮಗಾ, ದುಡ್ಡು ಬರ್ಲಿಲ್ವಾ?’ ಎಂದರು ಅಮ್ಮ. ಬಂತು, ಹೋಯ್ತು ಎಂದೆ. ಮಳೆಗಾಲದಲ್ಲಿ ತೋಟದ ಕೆಲಸವೇ ಕಡಿಮೆ. ಅವರು ಏನೂ ಮಾತಾಡಲಿಲ್ಲ. ಶುಲ್ಕವನ್ನು ಗೆಳತಿಯಿಂದ ಸಾಲ ಪಡೆದು ಕಟ್ಟಿದೆ.

ಸೋಮವಾರ ಮೊದಲ ಬಸ್ಸಿಗೆ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಹೋದೆ. ಪಿಯುಸಿಗೆ ಅಲ್ಲಿನ ಬಿಸಿಎಂ ಹಾಸ್ಟೆಲ್‌ನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಅದು. ಪಾಸ್‌ಬುಕ್‌ನಲ್ಲಿ ಕೊನೆಯ ಎಂಟ್ರಿ 2019ರದ್ದು. ಅಂದಿನಿಂದ ಅದು ಮಾರ್ಕ್ಸ್ ಕಾರ್ಡ್‌ಗಳ ಜೊತೆ ಟ್ರಂಕಿನಲ್ಲೇ ಇತ್ತು. ಯಂತ್ರ ಕರಕರ ಅನ್ನುತ್ತಾ ಪುಟ ತುಂಬಿಸಿತು. ಮಿನಿಮಮ್ ಬ್ಯಾಲೆನ್ಸ್ ಸಾವಿರ ರೂಪಾಯಿ ಇಲ್ಲದ್ದಕ್ಕೆ ನೂರು ರೂಪಾಯಿ ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ. 118, 118, 118... ಎಣಿಸಿದೆ. 2019ರ ಅಕ್ಟೋಬರಿನಿಂದ ಒಟ್ಟು 27 ಸಲ, 3,186 ರೂಪಾಯಿ. ನಡುವೆ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಒಂದೂ ಇರಲಿಲ್ಲ. ಬ್ಯಾಂಕಿಗೆ ಕರುಣೆ ಬಂದಿತ್ತೇನೋ ಅಂದುಕೊಂಡೆ. ಲಾಕ್‌ಡೌನ್ ಹೊತ್ತಿನಲ್ಲಿ ಕೇಂದ್ರ ಸರ್ಕಾರವೇ ಈ ದಂಡಕ್ಕೆ ಮೂರು ತಿಂಗಳ ವಿನಾಯಿತಿ ಕೊಟ್ಟಿತ್ತು ಎಂಬುದು ಆಮೇಲೆ ತಿಳಿಯಿತು.

ಕೌಂಟರಿನಲ್ಲಿ ಕೇಳಿದರೆ, ‘ಸಿಸ್ಟಮ್ ತಾನಾಗೇ ಕಟ್ ಮಾಡುತ್ತೆ, ನಮ್ಮ ಕೈಯಲ್ಲಿ ಇಲ್ಲ’ ಎಂಬ ಉತ್ತರ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಒಂದು ಅರ್ಜಿ ಬರೆದೆ: ಇಂತಿಂಥ ದಿನ ಇಷ್ಟಿಷ್ಟು ಕಡಿತವಾಗಿದೆ, ನನಗೆ ನೋಟಿಸ್ ಬಂದಿಲ್ಲ, ಹಣ ವಾಪಸ್ ಕೊಡಿ. ಜೆರಾಕ್ಸ್ ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡೆ. ಹಾಸ್ಟೆಲ್ ಅರ್ಜಿಗಳಿಂದ ಬಂದ ಅಭ್ಯಾಸ ಅಷ್ಟೆ. 17–07–2023 ಎಂಬ ಆ ಮೊಹರು ಮುಂದೆ ಎಷ್ಟು ಬೆಲೆ ಬಾಳುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಿಯಮಗಳು ಗೊತ್ತಾಗಿದ್ದು ಅದೇ ಕ್ಲರ್ಕ್ ಪರೀಕ್ಷೆಗೆ ಓದುವಾಗ. 2014ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯೊಂದಿತ್ತು, 2015ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಉಳಿತಾಯ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕ್ ಮೊದಲು ಎಸ್‌ಎಂಎಸ್, ಇ–ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಲು ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ಇರಬೇಕು. ಈ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ನನ್ನ ಖಾತೆಯಲ್ಲಿ 60 ರೂಪಾಯಿ ಕಡಿಮೆಯಿದ್ದ ತಿಂಗಳೂ 118, ಪೂರ್ತಿ ಖಾಲಿಯಿದ್ದ ತಿಂಗಳೂ 118! ಮೈನಸ್ ಮಾಡದೆ, ಬಾಕಿ ಬರೆದಿಟ್ಟುಕೊಂಡು ದುಡ್ಡು ಬಂದ ಕೂಡಲೇ ಬಾಚಿಕೊಳ್ಳುವುದು ನಿಯಮದ ಅಕ್ಷರ ಉಳಿಸಿ ಅರ್ಥ ಕೊಂದಂತೆ ಎಂಬುದು ನನ್ನ ಅಭಿಪ್ರಾಯ.

ನನ್ನದೂ ತಪ್ಪಿತ್ತು ಅನ್ನಿ. ಖಾತೆಗೆ ಕೊಟ್ಟಿದ್ದು ಅಪ್ಪನ ಹಳೇ ನಂಬರ್, ರೀಚಾರ್ಜ್ ಇಲ್ಲದೆ ಅದು ಎಂದೋ ಸತ್ತುಹೋಗಿತ್ತು. ಹೊಸ ನಂಬರ್ ಜೋಡಿಸಿದ್ದು 2023ರ ಜೂನ್‌ನಲ್ಲಿ. ಆದರೂ ಎಸ್‌ಎಂಎಸ್ ಶುಲ್ಕವೆಂದು ಮೂರು ತಿಂಗಳಿಗೊಮ್ಮೆ 17 ರೂಪಾಯಿ 70 ಪೈಸೆ ತಪ್ಪದೇ ಹೋಗುತ್ತಿತ್ತು. ಅದನ್ನು ನಾನು ಕೇಳಲಿಲ್ಲ. 2018ರಿಂದ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡವಾಗಿ 21 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವಸೂಲಿ ಮಾಡಿವೆ ಎಂದು ಅದೇ ಆಗಸ್ಟ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ತಿಳಿಸಿತು. ಓದಿದಾಗ ನನ್ನ 3,186 ಅದರಲ್ಲಿ ಎಲ್ಲಿದೆಯೋ ಅನ್ನಿಸಿತು.

ಬ್ಯಾಂಕಿನಿಂದ ಉತ್ತರ ಬರಲಿಲ್ಲ. ನಾನು ಪ್ರಿಲಿಮ್ಸ್ ಪಾಸಾಗಲಿಲ್ಲ. ಬೆಂಗಳೂರಿಗೆ ಹೋಗಿ ಕೆಲವು ತಿಂಗಳು ಸಣ್ಣದೊಂದು ಕೆಲಸ ಮಾಡಿ ವಾಪಸ್ ಬಂದೆ. 2024ರ ಜೂನ್‌ನಲ್ಲಿ ಫೈಲ್ ತೆಗೆದಾಗ ಆ ಮೊಹರಿನ ಜೆರಾಕ್ಸ್ ಕಣ್ಣಿಗೆ ಬಿತ್ತು. ಗೆಳತಿಯ ಅಣ್ಣ ಚಿಕ್ಕಮಗಳೂರಿನಲ್ಲಿ ವಕೀಲರು. ಅವರಿಗೆ ತೋರಿಸಿದೆ.

ಅವರು ಮೊದಲು ನೋಡಿದ್ದು ಮೊತ್ತವನ್ನಲ್ಲ, ತಾರೀಖುಗಳನ್ನು. ಪೆನ್ಸಿಲ್ ತೆಗೆದು 2020ರ ಜುಲೈ 17ರ ಹತ್ತಿರ ಅಡ್ಡಗೆರೆ ಎಳೆದರು. ‘ಇದರ ಮೇಲಿನ ಆರು ಎಂಟ್ರಿ ಮರೆತುಬಿಡು’ ಎಂದರು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಹಣ ಕೇಳಲು ಮೂರು ವರ್ಷದ ಗಡುವು. ಬ್ಯಾಂಕಿಗೆ ಕೊಡುವ ಮೊದಲ ದೂರು ಈ ಗಡುವಿನೊಳಗೆ ಇದ್ದರಷ್ಟೇ ಒಂಬುಡ್ಸ್‌ಮನ್ ಕೂಡ ಕೇಳುತ್ತಾರೆ. ನಾನು ಬಿಡಲಿಲ್ಲ: ‘ಅಣ್ಣಾ, ನನಗೆ ಗೊತ್ತಾಗಿದ್ದೇ 2023ರಲ್ಲಿ. ಅಲ್ಲಿಂದ ಲೆಕ್ಕ ಹಾಕಬೇಕಲ್ವಾ?’

ಅವರು ನಕ್ಕರು. ಮೋಸ ಅಥವಾ ತಪ್ಪು ನಡೆದಿದ್ದರೆ ಅದು ಗೊತ್ತಾದ ದಿನದಿಂದ ಎಣಿಸಲು 17ನೇ ಸೆಕ್ಷನ್‌ನಲ್ಲಿ ದಾರಿಯಿದೆ. ಆದರೆ ತಕ್ಕಮಟ್ಟಿಗೆ ಎಚ್ಚರ ವಹಿಸಿದ್ದರೆ ಯಾವಾಗ ಗೊತ್ತಾಗಬಹುದಿತ್ತು ಎಂದೂ ಅದೇ ಸೆಕ್ಷನ್ ಕೇಳುತ್ತದೆ. ‘ಪಾಸ್‌ಬುಕ್ ಯಾರ ಮನೆಯಲ್ಲಿತ್ತು?’ ಎಂದರು. ನಮ್ಮ ಮನೆಯ ಟ್ರಂಕಿನಲ್ಲಿತ್ತು. 708 ರೂಪಾಯಿ ಅಲ್ಲಿಗೆ ಮುಗಿಯಿತು.

ಉಳಿದ 21 ಎಂಟ್ರಿಗೂ ಗಡುವು ಓಡುತ್ತಿತ್ತು. 2021ರ ನವೆಂಬರ್ 12ರಂದು ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ಸಮಗ್ರ ಒಂಬುಡ್ಸ್‌ಮನ್ ಯೋಜನೆಯೇ ನನ್ನ ದೂರಿಗೆ ಅನ್ವಯಿಸುತ್ತಿದ್ದುದು. ಅದರಲ್ಲಿ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕಿತ್ತು. ಉತ್ತರ ಬಂದು ಸಮಾಧಾನವಾಗದಿದ್ದರೆ ಆ ಉತ್ತರದಿಂದ ಒಂದು ವರ್ಷ. ಉತ್ತರವೇ ಬರದಿದ್ದರೆ ದೂರು ಕೊಟ್ಟ ದಿನದಿಂದ ಒಂದು ವರ್ಷ 30 ದಿನ. ನನ್ನ ಪಾಲಿಗೆ ಅದು 2024ರ ಆಗಸ್ಟ್ ಮಧ್ಯಕ್ಕೆ ಮುಗಿಯುತ್ತಿತ್ತು. ಮೊಹರು ಇಲ್ಲದಿದ್ದರೆ ದೂರು ಕೊಟ್ಟಿದ್ದೇ ಸಾಬೀತಾಗುತ್ತಿರಲಿಲ್ಲ, ಹೊಸದಾಗಿ ಅರ್ಜಿ ಕೊಟ್ಟಿದ್ದರೆ ಇನ್ನೊಂದು ವರ್ಷದ ಎಂಟ್ರಿಗಳು ಪೆನ್ಸಿಲ್ ಗೆರೆಯ ಆಚೆ ಹೋಗುತ್ತಿದ್ದವು. ಇನ್ನೊಂದು ದಾರಿ ಗ್ರಾಹಕರ ಆಯೋಗ, ಚಿಕ್ಕಮಗಳೂರಿನಲ್ಲೇ ಇದೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಗಡುವು ಎರಡೇ ವರ್ಷ, ತಡವಾದರೆ ಸರಿಯಾದ ಕಾರಣ ತೋರಿಸಿ ಒಪ್ಪಿಸಬೇಕು. ಕಳಸದಿಂದ ಪ್ರತಿ ತಾರೀಖಿಗೂ ಬಸ್ಸಿನಲ್ಲಿ ಹೋಗಿಬರುವ ಖರ್ಚು ನೆನೆದು ಅದನ್ನು ಬಿಟ್ಟೆ.

ಒಂಬುಡ್ಸ್‌ಮನ್ ಬಳಿ ಹೋಗಲು ಖರ್ಚಿಲ್ಲ. ವಕೀಲರ ಮೂಲಕ ದೂರು ಕೊಡುವಂತೆಯೂ ಇಲ್ಲ. ‘ನಾನು ನಿನಗೆ ಪೆನ್ಸಿಲ್ ಗೆರೆಯಷ್ಟೇ ಹಾಕಿಕೊಡಬಲ್ಲೆ’ ಎಂದರು ಅಣ್ಣ. ಕಳಸದ ಸೈಬರ್‌ನಲ್ಲಿ ಕುಳಿತು ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ತುಂಬಿದೆ. ಮೊಹರಿನ ಪ್ರತಿ, ಪಾಸ್‌ಬುಕ್ ಪುಟಗಳನ್ನು ಸ್ಕ್ಯಾನ್ ಮಾಡಿ ಸೇರಿಸಿದೆ. ಅನುಮಾನ ಬಂದಾಗ 14448ಕ್ಕೆ ಫೋನ್ ಮಾಡಿ ಕೇಳಿದೆ. ಕರೆಂಟು ಹೋಗಿ ಒಮ್ಮೆ ಎಲ್ಲ ಮೊದಲಿನಿಂದ ತುಂಬಬೇಕಾಯಿತು.

ಆಗಸ್ಟ್ ಕೊನೆಗೆ ಬ್ಯಾಂಕಿನಿಂದಲೇ ಫೋನ್. ಒಂದು ತಿಂಗಳ ನೋಟಿಸ್ ಕೊಟ್ಟ ದಾಖಲೆ ಅವರ ಬಳಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ 2,478 ರೂಪಾಯಿ ಜಮೆಯಾಯಿತು. ಮೊದಲು ಮಾಡಿದ ಕೆಲಸ, ಅಮ್ಮನ ಸಾವಿರ ವಾಪಸ್ ಕೊಟ್ಟಿದ್ದು. ಎರಡನೆಯದು, ನನ್ನ ಮತ್ತು ಅವರ ಖಾತೆಯನ್ನು ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಸೇವಿಂಗ್ಸ್ ಖಾತೆಯಾಗಿ ಬದಲಿಸಲು ಅರ್ಜಿ ಕೊಟ್ಟಿದ್ದು. 2012ರಿಂದಲೂ ಇರುವ ಸೌಲಭ್ಯ. ಖಾತೆ ತೆರೆದ ದಿನ ನನಗೆ ಯಾರೂ ಹೇಳಿರಲಿಲ್ಲ, ನಾನೂ ಫಾರಂ ಓದದೆ ಸಹಿ ಹಾಕಿದ್ದೆ.

ಸುದ್ದಿ ಲೈನ್ ಮನೆಗಳಿಗೆ ಹಬ್ಬಿತು. ಈಗ ಭಾನುವಾರವಾದರೆ ಯಾರಾದರೂ ಪಾಸ್‌ಬುಕ್ ಹಿಡಿದು ಬರುತ್ತಾರೆ: ‘ನಮ್ದೂ ಒಂಚೂರು ನೋಡು ಮಾರಾಯ್ತಿ.’ ಎಲ್ಲ ಕಡಿತವೂ ಅನ್ಯಾಯವಲ್ಲ. ಮೇ ಕೊನೆಯ 436 ರೂಪಾಯಿ ತೋರಿಸಿ ಬೈದವರಿಗೆ, ಅದು ಎರಡು ಲಕ್ಷದ ಜೀವನಜ್ಯೋತಿ ವಿಮೆಯ ಕಂತು, ಬೇಡವಾದರೆ ಮಾತ್ರ ನಿಲ್ಲಿಸಿ ಎಂದು ಹೇಳಿದ್ದೇನೆ. ಕಳೆದ ವಾರ ಬಂದ ಅಜ್ಜಿಯದು ಬೇರೆಯೇ ಕತೆ. ತೀರಿಹೋದ ಗಂಡನ ಖಾತೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟಿಲ್ಲ. ಅಂಥ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಆದರೆ ಅದನ್ನು ಬ್ಯಾಂಕಿನ ಮೂಲಕ ಕೇಳಲು ಗಡುವೇ ಇಲ್ಲ. ಹೆಸರು ಹಾಕಿ ಹುಡುಕಲು ಉದ್ಗಮ್ ಎಂಬ ಪೋರ್ಟಲ್ ಇದೆ. ಸೋಮವಾರ ಅಜ್ಜಿಯ ಜೊತೆ ಬ್ಯಾಂಕಿಗೆ ಹೋಗಬೇಕು. ಅವರ ಪಾಸ್‌ಬುಕ್‌ಗೆ ಗೆದ್ದಲು ಹಿಡಿದಿದೆ, ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.