ನೆಗಡಿ-ಜ್ವರಕ್ಕೂ ಒಂದು ಲೆಕ್ಕ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾಯ್ದುಹೋಗುತ್ತದೆ. ಹಾದಿಯಲ್ಲಿ ಜನರು ಮಾತ್ರವಲ್ಲ, ಜ್ವರವೂ ಪ್ರಯಾಣ ಮಾಡುತ್ತದೆ. 1918ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲುಮಾರ್ಗಗಳ ಗುಂಟ ಹಬ್ಬಿ, ಭಾರತದಲ್ಲಿ ಕೋಟಿಗೂ ಮಿಕ್ಕಿದ ಜೀವಗಳನ್ನು ಬಲಿ ತೆಗೆದುಕೊಂಡಿತು. 2009ರಲ್ಲಿ ಹೊಸ ಎಚ್1ಎನ್1 ವೈರಸ್ಸಿನಿಂದ ನಮ್ಮ ದೇಶದ ಮೊದಲ ಸಾವು ಸಂಭವಿಸಿದ್ದು ಇದೇ ಹೆದ್ದಾರಿಯ ಪುಣೆಯಲ್ಲಿ.

ಇಂಥ ರೋಗವನ್ನು ಕಾಯುವುದು ಹೇಗೆ? 2004ರಲ್ಲಿ ಭಾರತದಲ್ಲಿ ಸಮಗ್ರ ರೋಗ ಕಣ್ಗಾವಲಿನ ಯೋಜನೆ ಆರಂಭವಾಯಿತು. ಹತ್ತು ದಿನಗಳೊಳಗೆ ತೊಡಗಿದ ಕೆಮ್ಮಿನೊಡನೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರವಿದ್ದರೆ ಅದು ಫ್ಲೂ ಸದೃಶ ರೋಗ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ತೀವ್ರ ಉಸಿರಾಟದ ಸೋಂಕು. ಈ ಎಣಿಕೆ ಆರೋಗ್ಯ ಕೇಂದ್ರದಿಂದ ಜಿಲ್ಲೆಗೂ ರಾಜ್ಯಕ್ಕೂ ದಿಲ್ಲಿಗೂ ಸಾಗುತ್ತದೆ.

ಎಣಿಕೆಯೊಂದೇ ಸಾಲದು. ಫ್ಲೂ ವೈರಸ್ಸು ಮೇಲಿಂದ ಮೇಲೆ ವೇಷ ಬದಲಿಸುತ್ತದೆ. ಆದುದರಿಂದ ಆಯ್ದ ರೋಗಿಗಳ ಮೂಗು-ಗಂಟಲಿನ ದ್ರವವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕೇಂದ್ರಗಳು ಒದಗಿಸುವ ಮಾಹಿತಿಯನ್ನು ತೂಗಿ ನೋಡಿ, ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆರಡು ಬಾರಿ ಲಸಿಕೆಯ ಘಟಕಗಳನ್ನು ಸೂಚಿಸುತ್ತದೆ.

ಮನೆಯಲ್ಲೇ ಕಷಾಯ ಕುಡಿದು ಮಲಗಿದವನು ಈ ಲೆಕ್ಕಕ್ಕೆ ಸಿಗುವುದಿಲ್ಲ. ವೃದ್ಧರಿಗೋ ಗರ್ಭಿಣಿಗೋ ಹಸುಗೂಸಿಗೋ ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು ಉಚಿತ. ಅದರಿಂದ ಒಂದು ಜೀವ ಉಳಿದೀತು. ಊರಿಗೂ ಮುನ್ಸೂಚನೆ ದೊರೆತೀತು.