ಸುಖಕ್ಕೆ ಅಡ್ಡ ನಿಂತವರು ಯಾರು?

ಗಾದಿಯ ಮೇಲೆ ಕುಳಿತ ಯಾವ ವ್ಯಾಪಾರಸ್ಥರನ್ನಾದರೂ "ಹೇಗೆ ನಡೆದಿದೆ?" ಎಂದು ಕೇಳಿ ನೋಡಿ. ಮಳೆ ಸರಿಯಾಗಿ ಆಗಲಿಲ್ಲ, ಉದ್ರಿ ವಸೂಲಾಗುತ್ತಿಲ್ಲ, ತೆರಿಗೆಯವರ ಕಾಟ ಹೆಚ್ಚಾಯಿತು, ಪಾಲುದಾರ ಕೈಕೊಟ್ಟ, ಮಗ ಹೇಳಿದ ಮಾತು ಕೇಳುವುದಿಲ್ಲ ಎಂದು ಒಂದೊಂದಾಗಿ ಹೇಳುತ್ತಾರೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ನಮ್ಮ ಸುಖಕ್ಕೆ ಅಡ್ಡ ಬಂದವರ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುತ್ತದೆ, ನಮ್ಮ ಹೆಸರು ಮಾತ್ರ ಇರುವುದಿಲ್ಲ.

ನಮ್ಮ ಆಚಾರ್ಯರು ಈ ಪಟ್ಟಿಯನ್ನು ಒಪ್ಪಲಿಲ್ಲ. ಜೀವನಿಗೆ ಅಡ್ಡ ನಿಂತವರು ಹೊರಗಿನವರಲ್ಲ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು ಎಂದರು. ಬಸದಿಯಲ್ಲಿ ಈ ಹೆಸರುಗಳನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಕೇಳಿ ಅವು ಸವೆದ ನಾಣ್ಯದಂತಾಗಿವೆ. ಆದ್ದರಿಂದ ಮೊದಲು ಒಂದು ಮನೆಯ ಮಾತಿನಿಂದ ಆರಂಭಿಸೋಣ.

ಒಂದು ಬೋರ್ಡಿನ ಕಥೆ

ಇದು ಜತ್ತ ಸೀಮೆಯ ಒಂದು ಊರಿನ ಸಂಗತಿ. ಹೆಸರು ಬೇಡ. ಇಂಥ ಮನೆ ಅಕ್ಕಲಕೋಟೆಯಲ್ಲೂ ಸಿಕ್ಕೀತು, ದೂರದ ವಯನಾಡಿನಲ್ಲೂ ಸಿಕ್ಕೀತು. ಅಣ್ಣ ತಮ್ಮ ಇಬ್ಬರು, ತಂದೆಯ ಕಾಲದ ಅಡತಿ ಅಂಗಡಿ. ತಂದೆ ತೀರಿಕೊಂಡ ಮೇಲೆ ಹೊಲ, ಮನೆ, ಬಂಗಾರ, ಬರುವ ಬಾಕಿ, ಕೊಡುವ ಬಾಕಿ ಎಲ್ಲವೂ ಹಿರಿಯರ ಸಮಕ್ಷಮ ಒಂದೇ ದಿನದಲ್ಲಿ ಪಾಲಾದವು. ಒಬ್ಬರೂ ತಕರಾರು ಮಾಡಲಿಲ್ಲ. ಉಳಿದದ್ದು ತಂದೆಯ ಹೆಸರು ಬರೆದ ಬೋರ್ಡು ಒಂದೇ. ನಡುವೆ ಗೋಡೆ ಕಟ್ಟಿ ಒಂದು ಅಂಗಡಿ ಎರಡಾದಾಗ ಅದು ಯಾರ ಬಾಗಿಲ ಮೇಲೆ ಇರಬೇಕು?

ಹಳೆಯ ತಗಡಿನ ಬೋರ್ಡು ಅದು. ಗುಜರಿಗೆ ಹಾಕಿದರೆ ಏನೂ ಬರುತ್ತಿರಲಿಲ್ಲ. ಅದರ ಸಲುವಾಗಿ ಮಾತು ಬೆಳೆಯಿತು. ಅಣ್ಣ ಒಂದು ಮಾತು ಅಂದ, ತಮ್ಮ ಎರಡು ಅಂದ. ಅಂದಿನಿಂದ ಹದಿನಾಲ್ಕು ವರ್ಷ ಇಬ್ಬರಲ್ಲಿ ಮಾತಿಲ್ಲ. ಇಬ್ಬರೂ ಧರ್ಮಿಷ್ಠರು. ಇಬ್ಬರೂ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಇಬ್ಬರೂ ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವವರು. ಆದರೆ ಒಬ್ಬರು ಬಸದಿಗೆ ಅಭಿಷೇಕದ ಹೊತ್ತಿಗೆ ಬಂದರೆ ಇನ್ನೊಬ್ಬರು ಅದು ಮುಗಿದ ಮೇಲೆ ಬರುತ್ತಿದ್ದರು. ಕ್ಷಮಾವಣಿಯ ದಿನ ಇಬ್ಬರ ಮನೆಯಿಂದಲೂ ನೂರಾರು ಕಾರ್ಡುಗಳು ಹೋಗುತ್ತಿದ್ದವು. ಗೋಡೆಯ ಆಚೆಗೆ ಮಾತ್ರ ಹೋಗುತ್ತಿರಲಿಲ್ಲ.

ಇವರ ವ್ಯಾಪಾರಕ್ಕೆ ಏನೂ ಕೊರತೆ ಇರಲಿಲ್ಲ, ಆರೋಗ್ಯವೂ ಇತ್ತು. ಹಾಗಾದರೆ ಸುಖಕ್ಕೆ ಅಡ್ಡವಾದದ್ದು ಯಾವುದು?

ಗೆರೆ ಎಳೆದದ್ದು ಎಲ್ಲಿ?

ಸುಮಾರು ಸಾವಿರ ವರ್ಷಗಳ ಹಿಂದೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ಗೊಮ್ಮಟಸಾರ ಗ್ರಂಥವನ್ನು ರಚಿಸಿದರು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನ ಗುರುಗಳು ಇವರು. ಕಷಾಯಗಳ ತೀವ್ರತೆಯನ್ನು ಅಳೆಯಲು ಅವರು ಮನೆ, ಹೊಲ, ದಾರಿಗಳಲ್ಲಿ ಕಾಣುವ ವಸ್ತುಗಳನ್ನೇ ಹೋಲಿಕೆಯಾಗಿ ಕೊಟ್ಟಿದ್ದಾರೆ.

ಕ್ರೋಧವು ನಾಲ್ಕು ಬಗೆ. ಕಲ್ಲಿನಲ್ಲಿ ಬಿದ್ದ ಗೆರೆ, ನೆಲದಲ್ಲಿ ಬಿರಿದ ಗೆರೆ, ಧೂಳಿನಲ್ಲಿ ಎಳೆದ ಗೆರೆ, ನೀರಿನಲ್ಲಿ ಎಳೆದ ಗೆರೆ. ಮಾನವೂ ನಾಲ್ಕು ಬಗೆ. ಕಲ್ಲು, ಎಲುಬು, ಕಟ್ಟಿಗೆ, ಬೆತ್ತ. ಕಲ್ಲು ಬಗ್ಗುವುದೇ ಇಲ್ಲ, ಬೆತ್ತ ಸುಲಭವಾಗಿ ಬಗ್ಗುತ್ತದೆ. ಮಾಯೆ, ಅಂದರೆ ಕಪಟ, ಬಿದಿರಿನ ಬೇರಿನಂತೆ ಗಂಟುಗಂಟಾಗಿರಬಹುದು, ಟಗರಿನ ಕೊಂಬಿನಂತೆ ಸುತ್ತಿರಬಹುದು. ಕಡಿಮೆಯಾದಂತೆ ಅದರ ಡೊಂಕೂ ಕಡಿಮೆಯಾಗುತ್ತದೆ. ಲೋಭವನ್ನು ಅವರು ಬಣ್ಣಕ್ಕೆ, ಕಲೆಗೆ ಹೋಲಿಸಿದರು. ಕೃಮಿರಾಗವೆಂಬ ಅಳಿಯದ ಕೆಂಪು ಬಣ್ಣ, ಬಂಡಿಯ ಗಾಲಿಯ ಕೀಲು, ಮೈಯ ಕೊಳೆ, ಅರಿಸಿನದ ಕಲೆ. ಬಟ್ಟೆ ಒಗೆದವರಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಇದರೊಂದಿಗೆ ಕಾಲದ ಲೆಕ್ಕವೂ ಇದೆ. ಕಷಾಯದ ವಾಸನೆ ಮನಸ್ಸಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಈ ಲೆಕ್ಕ. ಅಂತರ್ಮುಹೂರ್ತದಲ್ಲಿ, ಅಂದರೆ 48 ನಿಮಿಷ ತುಂಬುವುದರೊಳಗೆ ಆರಿಹೋಗುವುದು ಸಂಜ್ವಲನ. ಹದಿನೈದು ದಿನದವರೆಗೆ ಉಳಿಯುವುದು ಪ್ರತ್ಯಾಖ್ಯಾನಾವರಣ. ಆರು ತಿಂಗಳವರೆಗೆ ಉಳಿಯುವುದು ಅಪ್ರತ್ಯಾಖ್ಯಾನಾವರಣ. ಅದನ್ನೂ ಮೀರಿ ಜನ್ಮಜನ್ಮಾಂತರಕ್ಕೆ ಬೆನ್ನು ಹತ್ತುವುದು ಅನಂತಾನುಬಂಧಿ. ಶ್ವೇತಾಂಬರ ಗ್ರಂಥಗಳಲ್ಲಿ ಅವಧಿ ಬೇರೆಯಾಗಿದೆ, ಮೆಟ್ಟಿಲುಗಳು ನಾಲ್ಕೇ.

ಪ್ರತಿ ಮೆಟ್ಟಿಲೂ ಒಂದೊಂದು ಬಾಗಿಲನ್ನು ಮುಚ್ಚುತ್ತದೆ. ಸಂಜ್ವಲನವು ಪರಿಪೂರ್ಣ ಚಾರಿತ್ರ್ಯವನ್ನು ತಡೆಯುತ್ತದೆ. ಪ್ರತ್ಯಾಖ್ಯಾನಾವರಣವು ಮುನಿಗಳ ಮಹಾವ್ರತವನ್ನು ತಡೆಯುತ್ತದೆ. ಅಪ್ರತ್ಯಾಖ್ಯಾನಾವರಣವು ಶ್ರಾವಕನ ಅಣುವ್ರತವನ್ನೇ ತಡೆಯುತ್ತದೆ. ಅನಂತಾನುಬಂಧಿಯು ಸಮ್ಯಗ್ದರ್ಶನವನ್ನೇ, ಅಂದರೆ ಸರಿಯಾಗಿ ಕಾಣುವ ಕಣ್ಣನ್ನೇ ಮುಚ್ಚುತ್ತದೆ. ಈಗ ಹದಿನಾಲ್ಕು ವರ್ಷದ ಆ ಬೋರ್ಡನ್ನು ನೆನೆಯಿರಿ. ಸಿಟ್ಟು ಬರುವುದು ದೊಡ್ಡ ಅಪರಾಧವಲ್ಲ; ಬಂದ ಸಿಟ್ಟನ್ನು ಸಾಕಿ ದೊಡ್ಡದು ಮಾಡುವುದು ಅಪಾಯ. ಆರು ತಿಂಗಳ ಹಿಂದಿನ ಮಾತೊಂದು ಇವತ್ತೂ ಎದೆಯಲ್ಲಿ ಚುಚ್ಚುತ್ತಿದ್ದರೆ ಏಕಾಶನ, ಉಪವಾಸಗಳ ಸಂಖ್ಯೆಯನ್ನು ಎಣಿಸುವ ಮೊದಲು ಆ ಮಾತನ್ನು ನೋಡಿಕೊಳ್ಳಬೇಕು.

ಬೆಟ್ಟದಷ್ಟು ತಪಸ್ಸು, ಎಳ್ಳಷ್ಟು ಅಳುಕು

ಸಣ್ಣದೊಂದು ಉಳಿಕೆ ದೊಡ್ಡವರನ್ನೂ ತಡೆಯುತ್ತದೆ ಎಂಬುದಕ್ಕೆ ಭಗವಾನ್ ಬಾಹುಬಲಿಗಿಂತ ಬೇರೆ ಸಾಕ್ಷಿ ಬೇಕೆ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟು ಒಂದು ವರ್ಷ ಕದಲದೆ ನಿಂತವರು ಅವರು. ಬಳ್ಳಿ ಮೈಗೆ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ ಬರಲಿಲ್ಲ. ಅಣ್ಣನಿಗೆ ತನ್ನಿಂದ ನೋವಾಯಿತಲ್ಲ ಎಂಬ ಅಳುಕು ಒಳಗೆ ಉಳಿದಿತ್ತು ಎನ್ನುತ್ತದೆ ಜಿನಸೇನಾಚಾರ್ಯರ ಆದಿಪುರಾಣ. ನಿಂತ ನೆಲವೂ ಭರತನದೇ ಎಂಬ ಭಾವ ಚುಚ್ಚುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಶ್ವೇತಾಂಬರ ಪರಂಪರೆಯಲ್ಲಿ, ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ತಲೆಬಾಗಬೇಕಲ್ಲ ಎಂಬ ಮಾನ ಅಡ್ಡವಾಗಿತ್ತು. ಬ್ರಾಹ್ಮೀ, ಸುಂದರಿಯರು ಬಂದು ಆನೆಯಿಂದ ಇಳಿಯುವಂತೆ ತಮ್ಮ ಅಣ್ಣನಿಗೆ ಹೇಳಿದರು.

ಹೇಗೆ ಹೇಳಿದರೂ ಸಾರ ಒಂದೇ. ಕಾಡು, ಮಳೆ, ಹಸಿವು, ಹಾವು ಯಾವುದೂ ಅವರನ್ನು ತಡೆಯಲಿಲ್ಲ. ತಡೆದದ್ದು ಅಣ್ಣತಮ್ಮಂದಿರ ನಡುವಿನ ಒಂದು ಉಳಿಕೆ. ಭರತನೇ ಬಂದು ಪೂಜಿಸಿದಾಗ ಆ ಅಳುಕು ಕರಗಿತು, ಕೇವಲಜ್ಞಾನ ಬೆಳಗಿತು.

ಕ್ರಿ.ಶ. 981ರಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 58 ಅಡಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗೂ ಇದೇ ಪಾಠವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ನಾನು ಮಾಡಿಸಿದೆ ಎಂಬ ಭಾವದಿಂದ ಕೊಡಗಟ್ಟಲೆ ಹಾಲೆರೆದರೂ ಅದು ಪಾದದವರೆಗೆ ಇಳಿಯಲಿಲ್ಲ. ಗುಳ್ಳಕಾಯಿಯಲ್ಲಿ ಅಜ್ಜಿಯೊಬ್ಬಳು ತಂದ ತುಸು ಹಾಲು ಪಾದವನ್ನೂ ದಾಟಿ ಹರಿಯಿತು. ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ಸ್ವಾಮಿಯ ಎದುರಿಗೆ ನಿಂತಿದೆ.

ಒಬ್ಬ ವ್ಯಾಪಾರಿ ಬರೆದಿಟ್ಟ ಲೆಕ್ಕ

ಇವೆಲ್ಲ ಮಹಾಪುರುಷರ ಮಾತಾಯಿತು, ನಮ್ಮಂಥ ಅಂಗಡಿಕಾರರು ಏನು ಮಾಡಬೇಕು ಎಂದು ಕೇಳುವವರಿಗೆ ಉತ್ತರ ಭಾರತದ ಒಬ್ಬ ಜೈನ ವ್ಯಾಪಾರಿಯ ಪರಿಚಯ ಮಾಡಿಕೊಡಬೇಕು. ಅವರು ಬನಾರಸೀದಾಸರು. 1586ರಲ್ಲಿ ಜೌನಪುರದಲ್ಲಿ ಹುಟ್ಟಿದ ಶ್ರೀಮಾಲ ಕುಲದವರು.

ಅವರ ವ್ಯಾಪಾರ ಮೊದಲು ನೆಟ್ಟಗೆ ನಡೆಯಲಿಲ್ಲ. ಯುವಕನಿದ್ದಾಗ ತಂದೆ ರತ್ನ, ತುಪ್ಪ, ಎಣ್ಣೆ, ಬಟ್ಟೆ ಕೊಟ್ಟು ಆಗ್ರಾ ಪೇಟೆಗೆ ಕಳಿಸಿದರು. ಬಟ್ಟೆಯಲ್ಲಿ ಕಟ್ಟಿದ್ದ ಕೆಲವು ರತ್ನ ಎಲ್ಲೋ ಬಿದ್ದುಹೋದವು, ಕೆಲವನ್ನು ಇಲಿ ಎಳೆದೊಯ್ದಿತು. ಬಂಡವಾಳ ಕರಗಿತು. ಕಚೋರಿ ಮಾರುವವನೊಬ್ಬನ ಬಳಿ ಆರೇಳು ತಿಂಗಳು ಉದ್ರಿಯಲ್ಲಿ ಉಂಡರು. ಕೈಯಲ್ಲಿ ಹಣವಿಲ್ಲ, ಇನ್ನು ಕೊಡಬೇಡ ಎಂದು ತಾವಾಗಿ ಹೇಳಿದರೂ ಆ ಪುಣ್ಯಾತ್ಮ ಕೊಡುತ್ತಲೇ ಹೋದ. ಮುಂದೆ ಲೆಕ್ಕ ಮಾಡಿದಾಗ 14 ರೂಪಾಯಿ ಆಗಿತ್ತು, ತೀರಿಸಿದರು. ಸಂಸಾರದಲ್ಲಿಯೂ ಸುಖ ಕಡಿಮೆ. ಮೂರು ಮದುವೆ, ಒಂಬತ್ತು ಮಕ್ಕಳು, ಒಂದೂ ಉಳಿಯಲಿಲ್ಲ.

ಹೊರಗಿನ ಅಡ್ಡಿಗಳ ಪಟ್ಟಿ ಬರೆಯಲು ಇವರಿಗಿಂತ ಹೆಚ್ಚು ಹಕ್ಕು ಯಾರಿಗಿತ್ತು? 1641ರಲ್ಲಿ, 55ನೆಯ ವಯಸ್ಸಿನಲ್ಲಿ, ಅವರು ಅರ್ಧಕಥಾನಕ ಎಂಬ ಆತ್ಮಕಥೆಯನ್ನು ಬರೆದರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷ, ತನ್ನದು ಈಗ ಅರ್ಧ ಎಂಬ ಲೆಕ್ಕದ ಮೇಲೆ ಈ ಹೆಸರು. ಪುಸ್ತಕದ ಕೊನೆಗೆ ತಮ್ಮ ಗುಣಗಳನ್ನು ಒಂದು ಕಡೆ, ದೋಷಗಳನ್ನು ಇನ್ನೊಂದು ಕಡೆ ಜಮಾ ಖರ್ಚಿನಂತೆ ಬರೆದಿದ್ದಾರೆ. ಕ್ರೋಧ, ಮಾನ, ಮಾಯೆಗಳು ತನ್ನಲ್ಲಿ ನೀರಿನ ಮೇಲಿನ ಗೆರೆಯಂತೆ, ಆದರೆ ಲಕ್ಷ್ಮಿಯ ಲೋಭ ಮಾತ್ರ ಹೆಚ್ಚು ಎಂದು ಒಪ್ಪಿಕೊಂಡಿದ್ದಾರೆ. ಒಬ್ಬನೇ ಇದ್ದಾಗ ಕುಣಿಯುವ ಚಟವನ್ನೂ, ಹಠಾತ್ತನೆ ಹುಟ್ಟುವ ಭಯವನ್ನೂ ಮುಚ್ಚಿಟ್ಟಿಲ್ಲ.

ಕುಂದಕುಂದಾಚಾರ್ಯರ ಸಮಯಸಾರವನ್ನು ಆಧರಿಸಿ 1636ರಲ್ಲಿ ಸಮಯಸಾರ ನಾಟಕ ಬರೆದ ಪಂಡಿತರು ಇವರೇ. ಅಂಥವರು ನನ್ನ ಲೋಭ ಹೋಗಿಲ್ಲ ಎಂದು ಬರೆದಿಟ್ಟರು. ಸೋತ ವ್ಯಾಪಾರಿ ಇಂದಿಗೂ ದೊಡ್ಡವರಾಗಿ ಉಳಿದದ್ದು ಈ ಪ್ರಾಮಾಣಿಕತೆಯಿಂದ.

ಸೊಲ್ಲಾಪುರದ ಒಂದು ಉದಾಹರಣೆ

ಬನಾರಸೀದಾಸರಿಗೆ ಉಳಿದ ಆ ನಾಲ್ಕನೆಯ ಬಾಕಿ, ಲೋಭದ ಬಾಕಿ, ವ್ಯಾಪಾರಿ ಕುಲಕ್ಕೆಲ್ಲ ಉಳಿಯುವಂಥದು. ಅದನ್ನು ತೀರಿಸಿದವರೂ ನಮ್ಮ ಸೀಮೆಯಲ್ಲೇ ಇದ್ದರು. ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ನ್ಯಾಯದಿಂದ ಗಳಿಸಿದ ಸಂಪತ್ತನ್ನು ಧರ್ಮಕ್ಕೆ ಹೇಗೆ ವಿನಿಯೋಗಿಸಬೇಕು ಎಂದು ವಿದ್ವಾಂಸರನ್ನು ಕೇಳಿದರು. 1941ರಲ್ಲಿ ನಾಸಿಕದ ಬಳಿಯ ಗಜಪಂಥಾ ಕ್ಷೇತ್ರದಲ್ಲಿ ಸಭೆ ಕೂಡಿಸಿ ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ 30,000 ರೂಪಾಯಿ ಕೊಟ್ಟರು. 1944ರಲ್ಲಿ ಉಳಿದ ಸುಮಾರು 2 ಲಕ್ಷ ರೂಪಾಯಿಯ ಆಸ್ತಿಯನ್ನೂ ಸಂಘಕ್ಕೆ ಒಪ್ಪಿಸಿದರು. ಅವರ ಹೆಸರಿನ ಗ್ರಂಥಮಾಲೆಯಲ್ಲಿ ತಿಲೋಯಪಣ್ಣತ್ತಿಯಂಥ ಪ್ರಾಚೀನ ಗ್ರಂಥಗಳು ಅಚ್ಚಾದವು. ನಮ್ಮ ಸದಲಗಾ ಊರಿನ ಡಾ. ಆ. ನೇ. ಉಪಾಧ್ಯೆಯವರು ಅದರ ಸಂಪಾದಕರಲ್ಲೊಬ್ಬರು.

ಎಲ್ಲರೂ ಎಲ್ಲವನ್ನೂ ಕೊಡಬೇಕೆಂದಿಲ್ಲ. ಶ್ರಾವಕನಿಗೆ ಹೇಳಿದ ವ್ರತ ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ತಾನೇ ಗೆರೆ ಹಾಕಿಕೊಳ್ಳುವುದು. ಸಾಕು ಎನ್ನಲು ಬಾರದವನಿಗೆ ಗಳಿಕೆ ಎಷ್ಟಾದರೂ ಸುಖ ಸಿಕ್ಕುವುದಿಲ್ಲ.

ಕೀರ್ದಿ ಬರೆಯುವವರಿಗೆ ಕಷ್ಟವೇ?

ನಾವು ದಿನದ ಕೀರ್ದಿ ಬರೆಯದೆ ಅಂಗಡಿ ಮುಚ್ಚುವುದಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಹೊಸ ಖಾತೆ ಪೂಜೆ ಮಾಡುತ್ತೇವೆ. ಪ್ರತಿಕ್ರಮಣವೂ ಹಾಗೆಯೇ. ದಿನದ್ದು, ಪಕ್ಷದ್ದು, ನಾಲ್ಕು ತಿಂಗಳದ್ದು, ವರ್ಷದ್ದು ಎಂದು ಅದಕ್ಕೂ ಕ್ರಮವಿದೆ. ಗೆರೆ ಕಲ್ಲಿಗೆ ಇಳಿಯುವ ಮೊದಲೇ ಅಳಿಸಲು ಹಿರಿಯರು ಮಾಡಿಟ್ಟ ವ್ಯವಸ್ಥೆ ಅದು. ದಶಲಕ್ಷಣ ಧರ್ಮದ ಮೊದಲ ನಾಲ್ಕು ದಿನಗಳಾದ ಕ್ಷಮಾ, ಮಾರ್ದವ, ಆರ್ಜವ, ಶೌಚಗಳು ಕ್ರೋಧ, ಮಾನ, ಮಾಯೆ, ಲೋಭಗಳಿಗೆ ಒಂದಕ್ಕೊಂದು ಮದ್ದು.

ರಾತ್ರಿ ಮಲಗುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಇಂದು ಯಾರ ಮೇಲೆ ಸಿಟ್ಟಾದೆ? ಎಲ್ಲಿ ಬಗ್ಗಬೇಕಾದಲ್ಲಿ ಬಗ್ಗಲಿಲ್ಲ? ಯಾವ ಗಿರಾಕಿಗೆ ಅರ್ಧ ಮಾತು ಹೇಳಿದೆ? ಯಾವುದನ್ನು ಸಾಕು ಎನ್ನಲಾಗಲಿಲ್ಲ? ಈ ಖಾತೆಯನ್ನು ತಪಾಸಣೆಗೆ ಯಾವ ಅಧಿಕಾರಿಯೂ ಕೇಳುವುದಿಲ್ಲ. ಆದ್ದರಿಂದ ಸುಳ್ಳು ಬರೆಯುವ ಕಾರಣವೂ ಇಲ್ಲ.

ಬೋರ್ಡಿನ ಕಥೆ ಅರ್ಧಕ್ಕೆ ನಿಂತಿತ್ತು. ಹದಿನೈದನೆಯ ವರ್ಷದ ಕ್ಷಮಾವಣಿಗೆ ಅಣ್ಣ ಕಾರ್ಡುಗಳ ಮೇಲೆ ವಿಳಾಸ ಬರೆಯುತ್ತ ಕುಳಿತಿದ್ದರು. ಪಕ್ಕದಲ್ಲಿದ್ದ ಮೊಮ್ಮಗಳು ಕೇಳಿದಳು, "ಅಜ್ಜಾ, ಊರ ಮಂದಿಗೆಲ್ಲಾ ಬರದ್ರಿ, ಬಾಜೂ ಮನಿ ಸಣ್ಣಜ್ಜಗ ಯಾಕ ಬರೀಲಿಲ್ಲ?" ಅಜ್ಜ ಉತ್ತರ ಕೊಡಲಿಲ್ಲ. ಪೆನ್ನು ಮುಚ್ಚಿಟ್ಟು, ಟೊಪ್ಪಿಗೆ ಹಾಕಿಕೊಂಡು ಎದ್ದರು. ಗೋಡೆಯ ಆಚೆ ಹೋಗಲು ಹತ್ತು ಹೆಜ್ಜೆ ಸಾಕು.

"ತಮ್ಮಾ, ಕಾರ್ಡ್ ಹಾಕಲಿಲ್ಲ. ನಾನ ಬಂದೆ."

ತಮ್ಮ ಗಾದಿಯಿಂದ ಎದ್ದು ನಿಂತರು. ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆಮೇಲೆ, "ಬರ್ರಿ ಅಣ್ಣಾ, ಒಳಗ ಕೂಡ್ರಿ. ಹೊತ್ತು ಮುಳುಗೂದರಾಗ ಊಟಾ ಮಾಡೂಣು," ಎಂದರು.

ಅಂದು ಬೋರ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಮೊದಲಿದ್ದ ಬಾಗಿಲ ಮೇಲೆಯೇ ಇದೆ, ಗೋಡೆಯೂ ಇದೆ. ಎರಡು ಅಂಗಡಿಗೆ ಗೋಡೆ ಬೇಕೇಬೇಕು. ಆದರೆ ಈಗ ಅಣ್ಣತಮ್ಮಂದಿರು ಅಭಿಷೇಕಕ್ಕೆ ಒಂದೇ ಹೊತ್ತಿಗೆ ಬರುತ್ತಾರೆ. ಹದಿನಾಲ್ಕು ವರ್ಷ ಎಲ್ಲಿ ಹೋದವೆಂದು ಕೇಳಿದರೆ ಇಬ್ಬರೂ ತಲೆ ತಗ್ಗಿಸುತ್ತಾರೆ.

ಈಗಂತೂ ಕ್ಷಮಾವಣಿಯ ಸಂದೇಶ ಮೊಬೈಲಿನಲ್ಲಿ ಒಂದೇ ಸಲಕ್ಕೆ ನೂರಾರು ಜನರಿಗೆ ಹೋಗುತ್ತದೆ. ಹೋಗಲಿ, ಒಳ್ಳೆಯದೇ. ಆದರೆ ಕಳಿಸುವ ಮೊದಲು ಒಮ್ಮೆ ಯೋಚಿಸಿ, ಆ ನೂರಾರು ಹೆಸರುಗಳಲ್ಲಿ ಯಾರ ಹೆಸರು ಇಲ್ಲ? ಅವರ ಮನೆಗೆ ಹತ್ತು ಹೆಜ್ಜೆ ನಡೆದು ಹೋಗಲು ಮುಂದಿನ ಭಾದ್ರಪದದವರೆಗೆ ಕಾಯಬೇಕಾಗಿಲ್ಲ.